ಸದ್ದಿಲ್ಲದೆ ಫುಟ್‌ಪಾತ್ ಹತ್ತಿದ ಗಾಲಿ

ಬೆಂಗಳೂರಿನ ಜಯನಗರದ ಒಂದು ಫುಟ್‌ಪಾತ್. ಸಂಜೆ ಆರೂವರೆ. ಬಸ್ ಇಳಿದ ನಡುವಯಸ್ಸಿನ ಒಬ್ಬರು ಹೆಗಲಿಗೆ ಚೀಲ ಏರಿಸಿಕೊಂಡು, ಮಡಚಿದ್ದ ಬಿಳಿಕೋಲನ್ನು ಬಿಚ್ಚಿ ಮನೆಯ ದಾರಿ ಹಿಡಿಯುತ್ತಾರೆ. ಕೋಲಿನ ತುದಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೆಲ ತಟ್ಟುತ್ತದೆ. ಗಟ್ಟಿ ನೆಲಕ್ಕೆ ಒಂದು ಸದ್ದು, ಚರಂಡಿಯ ಮೇಲೆ ಹಾಸಿದ ಚಪ್ಪಡಿಗೆ ಇನ್ನೊಂದು ಟೊಳ್ಳು ಸದ್ದು. ಎಡಗಡೆ ಕಾಂಪೌಂಡ್ ಗೋಡೆ, ಬಲಗಡೆ ರಸ್ತೆಯ ಗದ್ದಲ. ಆ ಗದ್ದಲ ಬಲಗಿವಿಯಲ್ಲೇ ಒಂದೇ ಸಮನೆ ಇರುವವರೆಗೆ ತಾವು ನೇರ ಹೋಗುತ್ತಿದ್ದೇವೆ ಎಂಬುದು ಅವರಿಗೆ ಖಾತ್ರಿ. ಎಂಟುನೂರು ಮೀಟರ್ ದಾರಿ ಅದು, ವರ್ಷಗಳಿಂದ ನಡೆದದ್ದು. ಟ್ರಾನ್ಸ್‌ಫಾರ್ಮರ್ ಎಲ್ಲಿ ಅಡ್ಡ ಬರುತ್ತದೆ, ಎಳನೀರಿನವರು ಎಲ್ಲಿ ಗಾಡಿ ನಿಲ್ಲಿಸುತ್ತಾರೆ, ಯಾವ ಗೇಟಿನ ಮುಂದೆ ನೆಲ ಇಳಿಜಾರಾಗುತ್ತದೆ, ಎಲ್ಲವೂ ಕಾಲಿಗೆ ಗೊತ್ತು.

ಹಿಂದಿನಿಂದ ಬಂದ ಸ್ಕೂಟರ್ ಮಾತ್ರ ಗೊತ್ತಾಗಲಿಲ್ಲ. ಬ್ಯಾಟರಿಯದ್ದು, ಸೀಟಿನ ಹಿಂದೆ ಚೌಕಾಕಾರದ ಡಬ್ಬ ಹೊತ್ತದ್ದು. ಮೊದಲು ಮೊಣಕೈಗೆ ಏನೋ ಸವರಿದಂತಾಯಿತು. ಮರುಕ್ಷಣ ಕೋಲು ಚಕ್ರಕ್ಕೆ ಸಿಕ್ಕಿ ಕೈಯಿಂದ ಕಿತ್ತುಹೋಯಿತು. ಸವಾರ ನಿಲ್ಲಿಸಿದ, ಇಳಿದು ಬಂದ, ಕೋಲನ್ನು ಎತ್ತಿ ಕೈಗಿಟ್ಟ. ‘ಸಾರಿ ಸಾರ್, ಅರ್ಜೆಂಟಲ್ಲಿದ್ದೆ’ ಎಂದ. ಇವರು ‘ಕೇಳಿಸಲೇ ಇಲ್ಲಪ್ಪ ನನಗೆ’ ಎಂದಷ್ಟೇ ಹೇಳಿದರು. ಗಾಯವೇನೂ ಆಗಿರಲಿಲ್ಲ, ಕೋಲಿನ ಕೊನೆಯ ಕೀಲು ಬಾಗಿತ್ತು. ಆದರೆ ಗಾಬರಿಯಲ್ಲಿ ಗರಕ್ಕನೆ ತಿರುಗಿಬಿಟ್ಟಿದ್ದರಿಂದ ತಾವು ಯಾವ ಕಡೆ ಮುಖ ಮಾಡಿ ನಿಂತಿದ್ದೇವೆ ಎಂಬುದೇ ತಪ್ಪಿಹೋಗಿತ್ತು. ಗೋಡೆ ಹುಡುಕಿ ಅದಕ್ಕೆ ಬೆನ್ನು ಕೊಟ್ಟು, ರಸ್ತೆಯ ಸದ್ದು ಮತ್ತೆ ಸರಿಯಾದ ಕಿವಿಗೆ ಬರುವವರೆಗೆ ಅವರು ಹಾಗೇ ನಿಂತರು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಫುಟ್‌ಪಾತ್ ಮೇಲಿನ ಸ್ಕೂಟರುಗಳ ಮಾತು ಹೊಸದಲ್ಲ. ಪೆಟ್ರೋಲ್ ಸ್ಕೂಟರುಗಳು ಫುಟ್‌ಪಾತ್ ಹತ್ತಿ ಎಷ್ಟೋ ಕಾಲವಾಯಿತು. ಈಚೆಗೆ ಕೇಳುವವರ ಪ್ರಶ್ನೆ ಸ್ವಲ್ಪ ಬದಲಾಗಿದೆ. ಸದ್ದು ಮಾಡದ ಈ ಗಾಡಿಗಳಿಗೆ ಕಾನೂನು ಅನ್ವಯಿಸುವುದಿಲ್ಲವೇ ಎನ್ನುವುದು ಒಂದು. ಫುಟ್‌ಪಾತ್‌ನ ಬಾಯಿಗೆ ನಾಲ್ಕು ಕಂಬ ನೆಟ್ಟರೆ ಕೆಲಸ ಮುಗಿಯುವುದಿಲ್ಲವೇ ಎನ್ನುವುದು ಇನ್ನೊಂದು. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಈ ಬರಹದ ಬಹುಪಾಲು ಅದರ ಸುತ್ತಲೇ ಇದೆ.

ಮೊದಲು ಕಿವಿಯ ವಿಷಯ. ಬಿಳಿಕೋಲು ನೆಲದ ಸುದ್ದಿ ಹೇಳುತ್ತದೆ, ಅದೂ ಒಂದೆರಡು ಹೆಜ್ಜೆ ಮುಂದಿನದು ಮಾತ್ರ. ಅದರಾಚೆಯ ಲೋಕವೆಲ್ಲ ಕಿವಿಯ ಪಾಲು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ದಾಟುತ್ತದೆ. ಎದುರಿನಿಂದ ಬರುವ ಗಾಡಿ ಕೋಲಿಗೆ ತಾಗುವುದಕ್ಕೂ ಮೈಗೆ ತಾಗುವುದಕ್ಕೂ ನಡುವೆ ಸಿಗುವ ಹೊತ್ತು ಸೆಕೆಂಡಿನ ಐದನೆಯ ಒಂದು ಭಾಗವೂ ಇಲ್ಲ. ಹಿಂದಿನಿಂದ ಬಂದರೆ ಕೋಲಿಗೆ ಕೆಲಸವೇ ಇಲ್ಲ. ಎಂಜಿನ್ ಇರುವ ಗಾಡಿ ಹತ್ತಿಪ್ಪತ್ತು ಮೀಟರ್ ದೂರದಲ್ಲಿರುವಾಗಲೇ ತನ್ನ ಸುಳಿವು ಕೊಡುತ್ತದೆ, ಯಾವ ಕಡೆಯಿಂದ ಬರುತ್ತಿದೆ, ನಿಧಾನಿಸುತ್ತಿದೆಯೇ ಇಲ್ಲವೇ ಎಂಬುದೂ ಅದರ ಸದ್ದಿನಲ್ಲೇ ಇರುತ್ತದೆ. ವೇಗ ಹೆಚ್ಚಾದಾಗ ಯಾವ ಗಾಡಿಯಾದರೂ ಟಯರಿನ ಸದ್ದು ಮಾಡುತ್ತದೆ. ನಿಧಾನವಾಗಿ ಹೋಗುವಾಗ ಬ್ಯಾಟರಿ ಗಾಡಿಗೆ ಅದೂ ಇಲ್ಲ. ಫುಟ್‌ಪಾತ್ ಮೇಲೆ ಗಾಡಿ ಹೋಗುವುದು ಆ ನಿಧಾನದಲ್ಲೇ. ಪಕ್ಕದ ರಸ್ತೆಯಲ್ಲಿ ಬೆಂಗಳೂರಿನ ಸಂಜೆಯ ಗದ್ದಲ ತುಂಬಿರುವಾಗ ಅದರ ನಡುವಿನಿಂದ ಬ್ಯಾಟರಿ ಮೋಟರಿನ ಸಣ್ಣ ಗುಂಯ್‌ಗುಡುವಿಕೆಯನ್ನು ಹೆಕ್ಕಿ ತೆಗೆಯುವುದು ಯಾವ ಕಿವಿಗೂ ಆಗದ ಮಾತು.

ಹಾಗಾದರೆ ಹಾರ್ನ್ ಹೊಡೆದರೆ ಆಯಿತಲ್ಲ ಎನ್ನುವವರಿದ್ದಾರೆ. ಬೆನ್ನ ಹಿಂದೆ ಒಮ್ಮೆಲೇ ಹಾರ್ನ್ ಕೇಳಿದರೆ ಕಣ್ಣಿದ್ದವರು ತಿರುಗಿ ನೋಡಿ ಬದಿಗೆ ಸರಿಯುತ್ತಾರೆ. ಕಾಣದವರಿಗೆ ಯಾವ ಬದಿ ಎಂದು ತಿಳಿಯದು, ಹಾಗಾಗಿ ಸವಾರ ಹೋಗಬೇಕೆಂದಿದ್ದ ಕಡೆಗೇ ಅವರು ಸರಿಯುವ ಸಾಧ್ಯತೆ ಅರ್ಧಕ್ಕರ್ಧ. ಇನ್ನು ಕಿವುಡರ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅವರ ಕೈಯಲ್ಲಿ ಕೋಲಿಲ್ಲ. ಹಾರ್ನ್ ಹೊಡೆದೆ, ಜರುಗುತ್ತಾರೆ ಎಂದು ನಂಬಿ ಸವಾರ ವೇಗ ತಗ್ಗಿಸದೆ ಬರುತ್ತಾನೆ. ಮುಂದೆ ಹೋಗುತ್ತಿರುವವರಿಗೆ ಆ ಹಾರ್ನ್ ಕೇಳಿಸಿಯೇ ಇರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಂದಿಗೆ ಹಠಾತ್ ಸದ್ದಿಗೆ ಮೈಯ ಸ್ನಾಯುಗಳು ತಾವಾಗಿ ಸೆಟೆದುಕೊಳ್ಳುತ್ತವೆ, ನಿಂತಲ್ಲೇ ಆಯ ತಪ್ಪುತ್ತದೆ. ವಾಕರ್ ಹಿಡಿದು ನಡೆಯುವ ವೃದ್ಧೆಗೆ ಬದಿಗೆ ಸರಿಯುವುದೆಂದರೆ ವಾಕರ್ ಎತ್ತಿ, ತಿರುಗಿಸಿ, ಊರಿ, ಆಮೇಲೆ ಕಾಲು ಎತ್ತಿಡುವುದು. ಅದಕ್ಕೆ ಬೇಕಾದ ನಾಲ್ಕೈದು ಸೆಕೆಂಡನ್ನು ಹಿಂದೆ ನಿಂತು ಕಾಯುವ ಸವಾರರು ಸಿಗುವುದು ಅಪರೂಪ.

ಗಾಡಿಯಲ್ಲೂ ಎರಡು ಬಗೆಯಿದೆ. ಯುರೋಪು, ಅಮೆರಿಕದ ಸುದ್ದಿಗಳಲ್ಲಿ ಇ-ಸ್ಕೂಟರ್ ಎಂದರೆ ಮಕ್ಕಳ ಆಟಿಕೆಯಂತೆ ನಿಂತುಕೊಂಡು ಓಡಿಸುವ, ಉದ್ದ ಹ್ಯಾಂಡಲ್ಲಿನ ಹಗುರ ಗಾಡಿ. ನಮ್ಮಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಎಂದರೆ ಕೂತು ಓಡಿಸುವ ಪೂರ್ಣಪ್ರಮಾಣದ ವಾಹನ. ಅದರೊಳಗೂ ಕಾನೂನು ಒಂದು ಗೆರೆ ಎಳೆದಿದೆ. ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಆರ್‌ಟಿಒ ನೋಂದಣಿ ಬೇಡ, ನಂಬರ್ ಪ್ಲೇಟ್ ಬೇಡ, ಡಿಎಲ್ ಬೇಡ. ಪೆಟ್ರೋಲ್ ಬಿಟ್ಟು ಬ್ಯಾಟರಿಗೆ ಜನ ಸುಲಭವಾಗಿ ಬರಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ದೇಶದಲ್ಲಿ ಮೊದಲಿಗೆ, 2017ರಲ್ಲೇ, ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ. ಬೆಂಗಳೂರಿನ ಬೀದಿಗಳಲ್ಲಿ ದಿನ ಅಥವಾ ವಾರದ ಬಾಡಿಗೆಗೆ ಸಿಗುವ ಇಂಥ ಕಡಿಮೆ ವೇಗದ ಗಾಡಿಗಳು ಊರಿಂದ ಬಂದ ಸಾವಿರಾರು ಹುಡುಗರಿಗೆ ಡೆಲಿವರಿ ಕೆಲಸದ ಬಾಗಿಲು ತೆರೆದಿವೆ.

ತೊಡಕು ಇರುವುದು ಆ ಇಲ್ಲದ ನಂಬರ್ ಪ್ಲೇಟಿನಲ್ಲಿ. ಬೆಂಗಳೂರಿನಲ್ಲಿ ಸಂಚಾರ ಉಲ್ಲಂಘನೆ ಕಂಡವರು ಫೋಟೊ ತೆಗೆದು ಸಂಚಾರ ಪೊಲೀಸರ ಆ್ಯಪ್‌ಗೆ ಕಳಿಸಬಹುದು. ಮೊದಲು ಪಬ್ಲಿಕ್ ಐ ಇತ್ತು, ಈಗ ಅಸ್ತ್ರಂ. ಫುಟ್‌ಪಾತ್ ಮೇಲೆ ಓಡಿಸಿದವರ ಮೇಲೂ ಹೀಗೆ ದೂರು ಕೊಡಬಹುದು. ಆದರೆ ಫೋಟೊದಲ್ಲಿ ನಂಬರ್ ಕಾಣಬೇಕು. ನಂಬರೇ ಇಲ್ಲದ ಗಾಡಿಯ ಫೋಟೊ ತೆಗೆದು ಮಾಡುವುದೇನು? ಅದರಲ್ಲೂ ಗುದ್ದಿಸಿಕೊಂಡವರಿಗೆ ಕಣ್ಣು ಕಾಣದಿದ್ದರೆ ಗಾಡಿಯ ಬಣ್ಣ ಯಾವುದು, ಸವಾರನ ಅಂಗಿಯ ಮೇಲೆ ಯಾವ ಕಂಪನಿಯ ಹೆಸರಿತ್ತು ಎಂಬುದಕ್ಕೂ ಸಾಕ್ಷಿಯಿಲ್ಲ.

ಕಾನೂನು ಇಲ್ಲ ಎನ್ನುವಂತಿಲ್ಲ. ಫುಟ್‌ಪಾತ್ ಮೇಲೆ ವಾಹನ ಓಡಿಸಬಾರದು, ನಿಲ್ಲಿಸಬಾರದು ಎಂಬುದು 1989ರ ರಸ್ತೆ ನಿಯಮಗಳಲ್ಲೂ ಇತ್ತು, ಅವುಗಳ ಜಾಗಕ್ಕೆ 2017ರಲ್ಲಿ ಬಂದ ಚಾಲನಾ ನಿಯಮಗಳಲ್ಲೂ ಇದೆ. ಸುಸ್ಥಿತಿಯ ರಸ್ತೆ ಮತ್ತು ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದೇ ವಿಧಿಯನ್ನು ಆಧರಿಸಿ, ಫುಟ್‌ಪಾತ್‌ಗಳನ್ನು ಅಂಗವಿಕಲರೂ ಬಳಸುವಂತೆ ಇಡಬೇಕು, ಒತ್ತುವರಿ ತೆರವು ಮಾಡಬೇಕು ಎಂದು ರಾಜ್ಯಗಳಿಗೆ ಸೂಚಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೇರೆ ಇದೆ. ಕಾಗದದ ಮೇಲೆ ಪಾದಚಾರಿ ಇಷ್ಟು ಗಟ್ಟಿಯಾಗಿ ಎಂದೂ ನಿಂತಿರಲಿಲ್ಲ. ಜಯನಗರದ ಆ ಗೋಡೆಗೆ ಬೆನ್ನು ಕೊಟ್ಟು ನಿಂತವರಿಗೆ ಅದರಲ್ಲಿ ಎಷ್ಟು ತಲುಪಿದೆ ಎಂಬುದೇ ಪ್ರಶ್ನೆ.

ಈಗ ಕಂಬದ ವಿಷಯಕ್ಕೆ ಬರೋಣ. ಫುಟ್‌ಪಾತ್‌ಗೆ ಸ್ಕೂಟರ್ ಹತ್ತುವುದು ಎಲ್ಲಿಂದ? ಅಂಚುಗಲ್ಲು ತಗ್ಗಿದ ಕಡೆಯಿಂದ, ಮನೆ ಗೇಟುಗಳ ಮುಂದಿನ ಇಳಿಜಾರಿನಿಂದ, ತಿರುವುಗಳಲ್ಲಿ ಗಾಲಿಕುರ್ಚಿಗೆಂದೇ ಮಾಡಿದ ರಾಂಪ್‌ನಿಂದ. ಮೊದಲಿನ ಬೆಂಗಳೂರಿನಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಅಂಚುಗಲ್ಲನ್ನು ಎತ್ತರಿಸುವುದು. ಮೊಣಕಾಲುದ್ದದ ಅಂಚಿನ ಫುಟ್‌ಪಾತ್‌ಗಳು ಈಗಲೂ ಹಳೆಯ ಬಡಾವಣೆಗಳಲ್ಲಿವೆ. ಅಲ್ಲಿ ಸ್ಕೂಟರ್ ಹತ್ತುವುದಿಲ್ಲ, ನಿಜ. ಗಾಲಿಕುರ್ಚಿಯೂ ಹತ್ತುವುದಿಲ್ಲ, ಮಂಡಿನೋವಿನ ಅಜ್ಜಿಯೂ ಹತ್ತುವುದಿಲ್ಲ. ಪಾದಚಾರಿ ಸೌಕರ್ಯಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರತಂದ ಮಾರ್ಗಸೂಚಿ ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಬೇಕು ಎನ್ನುತ್ತದೆ. ಆ ಅಳತೆಗೆ ಇಳಿಸಿದೊಡನೆ ಸ್ಕೂಟರಿಗೂ ದಾರಿಯಾಯಿತು. ಅದಕ್ಕೆ ಕಂಬ ಬಂತು. ರಸ್ತೆಗಳನ್ನು ಹೊಸದಾಗಿ ವಿನ್ಯಾಸ ಮಾಡಿದ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳ ಫುಟ್‌ಪಾತ್‌ಗಳು ಅಗಲವಾಗಿ, ಸಮತಟ್ಟಾಗಿ ಎದ್ದುನಿಂತಾಗ ಬೆಂಗಳೂರಿಗೆ ಬೆಂಗಳೂರೇ ಖುಷಿಪಟ್ಟಿತು. ಅಲ್ಲೂ ಬಾಯಿಗೆ ಸಾಲು ಕಂಬಗಳನ್ನು ನಿಲ್ಲಿಸಬೇಕಾಯಿತು.

ಕಂಬಕ್ಕೂ ಕಂಬಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು? ಸಾಮಾನ್ಯ ಗಾಲಿಕುರ್ಚಿಯ ಅಗಲ 65ರಿಂದ 70 ಸೆಂಟಿಮೀಟರ್. ಕುಳಿತವರು ತಾವೇ ಕೈಯಲ್ಲಿ ಚಕ್ರ ತಳ್ಳಿಕೊಂಡು ದಾಟಬೇಕಾದರೆ ಮೊಣಕೈಗೂ ಜಾಗ ಬೇಕು, ಕನಿಷ್ಠ 90 ಸೆಂಟಿಮೀಟರ್. ಸ್ಕೂಟರಿನ ಹ್ಯಾಂಡಲ್ ತುದಿಯಿಂದ ತುದಿಗೆ ಅಳೆದರೆ ಎಪ್ಪತ್ತರ ಆಸುಪಾಸು. ಅಂದರೆ ಗಾಲಿಕುರ್ಚಿಗೆ ದಾರಿ ಬಿಟ್ಟರೆ ಸ್ಕೂಟರ್ ಆರಾಮವಾಗಿ ನುಗ್ಗುತ್ತದೆ. ಸ್ಕೂಟರ್ ನುಗ್ಗದಷ್ಟು ಬಿಗಿ ಮಾಡಿದರೆ ಮೊದಲು ಹೊರಗುಳಿಯುವುದು ಗಾಲಿಕುರ್ಚಿ. ಅಡ್ಡಾದಿಡ್ಡಿ ಗೇಟು, ಸರಪಳಿ, ಎರಡು ಕಂಬದ ನಡುವೆ ಮೊಣಕಾಲೆತ್ತರದ ಪೈಪು, ಎಲ್ಲದರ ಕಥೆಯೂ ಅಷ್ಟೆ. ಬಿಳಿಕೋಲಿನವರಿಗೆ ಪೈಪು ಇನ್ನೂ ಕೆಟ್ಟದ್ದು: ಕೋಲು ಅದರ ಅಡಿಯಿಂದ ತೂರಿ ನೆಲ ಸರಿಯಿದೆ ಎಂದು ಹೇಳುತ್ತದೆ, ಆಮೇಲೆ ಮಂಡಿಗೆ ಪೈಪು ಬಡಿಯುತ್ತದೆ.

ಈ ಅಳತೆಗಳನ್ನು ಟೇಪು ಹಿಡಿದು ನೋಡಿದವರಿಗೆ ಒಂದು ಸಂಗತಿ ತಪ್ಪದೆ ಹೊಳೆಯುತ್ತದೆ. ಕಂಬಕ್ಕೆ ಸ್ಕೂಟರ್ ಯಾವುದು, ಗಾಲಿಕುರ್ಚಿ ಯಾವುದು ಎಂಬ ಭೇದ ತಿಳಿಯದು. ಆ ಭೇದ ತಿಳಿಯುವುದು ಮನುಷ್ಯರಿಗೆ, ಮನುಷ್ಯರು ಮಾಡಿಕೊಂಡ ನಿಯಮಕ್ಕೆ ಮಾತ್ರ. ಆದರೂ ನಮ್ಮ ನಗರಗಳು ಬೇರೆಯವರ ತಪ್ಪಿಗೆ ಕಲ್ಲು ಕಬ್ಬಿಣದ ಮದ್ದು ಅರೆದು, ಅದನ್ನು ಅಂಗವಿಕಲರಿಗೆ ಕುಡಿಸುತ್ತಾ ಬಂದಿವೆ. ಸ್ಕೂಟರ್ ಸವಾರನನ್ನು ತಡೆಯುವ ಕೆಲಸ ನಡೆಯಬೇಕಾದದ್ದು ಅವನು ಇರಬೇಕಾದ ರಸ್ತೆಯಲ್ಲಿ, ಅವನಿಗೆ ಕೆಲಸ ಕೊಟ್ಟ ಕಚೇರಿಯಲ್ಲಿ, ಗಾಡಿಗೆ ಗುರುತು ಕೊಡುವ ಕಾನೂನಿನಲ್ಲಿ. ಫುಟ್‌ಪಾತ್‌ನ ಬಾಯಲ್ಲಲ್ಲ.

ಸದ್ದಿನ ಪರಿಹಾರದ ಬಗ್ಗೆಯೂ ಓದುಗರು ಕೇಳುತ್ತಾರೆ, ಗಾಡಿಗೇ ಕೃತಕ ಸದ್ದು ಹಾಕಿಸಬಾರದೇ ಎಂದು. ಇದು ಹೊಸ ವಿಚಾರವಲ್ಲ. ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಅಲ್ಲಿನ ಕಾಂಗ್ರೆಸ್ 2010ರಲ್ಲಿ ಪಾದಚಾರಿ ಸುರಕ್ಷತೆಗೆ ಒಂದು ಕಾಯ್ದೆ ಮಾಡಿತು, ಬ್ಯಾಟರಿ ಕಾರುಗಳು ನಿಧಾನ ವೇಗದಲ್ಲಿ ಕೇಳಿಸುವಷ್ಟು ಸದ್ದು ಮಾಡಲೇಬೇಕು ಎಂದು. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳಿಗೆ ಇದು ಕಡ್ಡಾಯ. ಭಾರತದ ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಇಂಥದೇ ಕರಡು ನಿಯಮ ಹೊರಡಿಸಿತು. ಮೂರರಲ್ಲೂ ಒಂದು ಸಮಾನ ಅಂಶವಿದೆ: ಗಮನವೆಲ್ಲ ಕಾರು, ಬಸ್ಸು, ಲಾರಿಯ ಮೇಲೆ, ದ್ವಿಚಕ್ರ ವಾಹನ ಹೊರಗೆ. ಅಮೆರಿಕ, ಯುರೋಪಿನ ಬೀದಿಗೆ ಅದು ಹೊಂದಬಹುದು. ದ್ವಿಚಕ್ರ ವಾಹನಗಳೇ ತುಂಬಿರುವ ನಮ್ಮ ಬೀದಿಯಲ್ಲಿ ರಸ್ತೆ ದಾಟಲು ನಿಂತ ಅಂಧರಿಗೆ ಮೊದಲು ಕೇಳಿಸಬೇಕಾದದ್ದು ಸ್ಕೂಟರೇ. ಆದ್ದರಿಂದ ಸದ್ದಿನ ನಿಯಮ ಸ್ಕೂಟರಿಗೂ ಬರಬೇಕು ಎನ್ನುವುದು ಈ ಅಂಕಣದ ಸ್ಪಷ್ಟ ಅಭಿಪ್ರಾಯ. ಆದರೆ ಅದು ರಸ್ತೆಗಾಗಿ, ರಸ್ತೆ ದಾಟುವ ಜಾಗಗಳಿಗಾಗಿ. ಸದ್ದು ಮಾಡುತ್ತದೆ ಎಂಬ ಕಾರಣಕ್ಕೆ ಫುಟ್‌ಪಾತ್ ಮೇಲಿನ ಸ್ಕೂಟರ್ ಸಕ್ರಮವಾಗಬಾರದು. ಪೆಟ್ರೋಲ್ ಸ್ಕೂಟರ್ ಸದ್ದು ಮಾಡುತ್ತಲೇ ಇಷ್ಟು ವರ್ಷ ಜನರನ್ನು ಫುಟ್‌ಪಾತ್‌ನಿಂದ ಕೆಳಗಿಳಿಸಿದೆ.

ಈ ಕಗ್ಗಂಟನ್ನು ಬಿಡಿಸಲು ಗಂಭೀರವಾಗಿ ಕೈಹಾಕಿದ ಊರುಗಳಲ್ಲಿ ಸಿಂಗಪುರದ್ದು ನಮಗೆ ಹತ್ತಿರದ ಪಾಠ, ಏಕೆಂದರೆ ಅಲ್ಲೂ ವಿಷಯದ ನಡುವೆ ಊಟ ಹೊತ್ತೊಯ್ಯುವ ಹುಡುಗರಿದ್ದರು. ನಿಂತು ಓಡಿಸುವ ಇ-ಸ್ಕೂಟರುಗಳಿಗೆ ಅಲ್ಲಿ ಮೊದಲು ಫುಟ್‌ಪಾತ್ ಮೇಲೆ ಅನುಮತಿಯಿತ್ತು. 2019ರ ಆರಂಭದಲ್ಲಿ ನೋಂದಣಿ ಶುರುವಾಯಿತು. ಅದೇ ಫೆಬ್ರವರಿಯಲ್ಲಿ ಫುಟ್‌ಪಾತ್ ಮೇಲಿನ ವೇಗದ ಮಿತಿಯನ್ನು 15ರಿಂದ 10 ಕಿಲೋಮೀಟರಿಗೆ ಇಳಿಸಿದರು. ಅಪಘಾತಗಳು ನಿಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ 65 ವರ್ಷದ ಮಹಿಳೆಯೊಬ್ಬರು ಇ-ಸ್ಕೂಟರ್ ಡಿಕ್ಕಿಯಿಂದ ತೀರಿಕೊಂಡಾಗ ಜನರ ಸಿಟ್ಟು ಕಟ್ಟೆಯೊಡೆಯಿತು. 2019ರ ನವೆಂಬರ್ 5ರಿಂದ ಎಲ್ಲ ಫುಟ್‌ಪಾತ್‌ಗಳಲ್ಲೂ ಇ-ಸ್ಕೂಟರ್ ನಿಷೇಧ. ವರ್ಷದ ಕೊನೆಯವರೆಗೆ ಎಚ್ಚರಿಕೆ, ಆಮೇಲೆ 2,000 ಸಿಂಗಪುರ ಡಾಲರ್‌ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ನಿಷೇಧದಿಂದ ಬೀದಿಗೆ ಬಿದ್ದವರೆಂದರೆ ಆ ಗಾಡಿಯನ್ನೇ ನಂಬಿ ಊಟ ತಲುಪಿಸುತ್ತಿದ್ದವರು. ಆಗ ಅಲ್ಲಿನ ಫುಟ್‌ಪಾತ್‌ಗಳ ಉದ್ದ ಸುಮಾರು 5,500 ಕಿಲೋಮೀಟರ್, ಸೈಕಲ್ ಪಥಗಳ ಉದ್ದ 440 ಕಿಲೋಮೀಟರ್ ಮಾತ್ರ. ರಸ್ತೆಗೆ ಇಳಿಯಲು ಆ ಗಾಡಿಗೆ ಮೊದಲೇ ಅನುಮತಿಯಿಲ್ಲ. ನೂರಾರು ಸವಾರರು ತಮ್ಮ ಜನಪ್ರತಿನಿಧಿಗಳ ಬಾಗಿಲಿಗೆ ಹೋಗಿ ಹೊಟ್ಟೆಪಾಡಿನ ಮಾತಾಡಿದರು. ಸರ್ಕಾರ ನಿಷೇಧ ಸಡಿಲಿಸಲಿಲ್ಲ. ಆದರೆ ಅವರನ್ನು ಕೈಬಿಡಲೂ ಇಲ್ಲ. ಮೂರು ಡೆಲಿವರಿ ಕಂಪನಿಗಳ ಜೊತೆ ಸೇರಿ 70 ಲಕ್ಷ ಸಿಂಗಪುರ ಡಾಲರ್ ನಿಧಿ ಮಾಡಿ, ಇ-ಸ್ಕೂಟರ್ ಬಿಟ್ಟುಕೊಟ್ಟು ಬೇರೆ ಬಗೆಯ ಗಾಡಿ ಕೊಳ್ಳಲು ಪ್ರತಿಯೊಬ್ಬ ಸವಾರನಿಗೆ 1,000 ಡಾಲರ್‌ವರೆಗೆ ನೆರವು ಕೊಟ್ಟರು. ಒಂದನ್ನಂತೂ ಗಮನಿಸಲೇಬೇಕು: ನಡೆಯಲಾಗದವರ ಮೊಬಿಲಿಟಿ ಸ್ಕೂಟರ್ ಮತ್ತು ಮೋಟರ್ ಗಾಲಿಕುರ್ಚಿಗೆ ನಿಷೇಧ ತಾಗಲಿಲ್ಲ. ಯಾವ ಗಾಡಿ, ಯಾರಿಗಾಗಿ ಎಂಬ ಭೇದವನ್ನು ಕಂಬಕ್ಕೆ ಬಿಡದೆ ಕಾನೂನೇ ಮಾಡಿತು.

ಪ್ಯಾರಿಸ್ ಇನ್ನೊಂದು ದಾರಿ ಹಿಡಿಯಿತು. 2023ರ ಏಪ್ರಿಲ್ 2ರಂದು ಬಾಡಿಗೆ ಇ-ಸ್ಕೂಟರ್ ಇರಬೇಕೇ ಬೇಡವೇ ಎಂದು ಜನರನ್ನೇ ಕೇಳಿತು. ಮತ ಹಾಕಿದವರಲ್ಲಿ ನೂರಕ್ಕೆ 89 ಮಂದಿ ಬೇಡ ಎಂದರು, ಮತ ಹಾಕಲು ಬಂದವರೇ ನೂರಕ್ಕೆ ಎಂಟಕ್ಕಿಂತ ಕಡಿಮೆ. ಸುಮಾರು 15,000 ಗಾಡಿಗಳು ಆ ಆಗಸ್ಟ್ ಕೊನೆಗೆ ಬೀದಿ ಬಿಟ್ಟವು. ಲಂಡನ್ 2021ರಲ್ಲಿ ಬಾಡಿಗೆ ಗಾಡಿಗಳ ಪ್ರಯೋಗ ಶುರು ಮಾಡಿದಾಗ ವೇಗವನ್ನು ಗಂಟೆಗೆ 20 ಕಿಲೋಮೀಟರಿಗೆ ಕಟ್ಟಿಹಾಕಿತು, ಗೊತ್ತುಮಾಡಿದ ತಂಗುದಾಣದಲ್ಲಿ ನಿಲ್ಲಿಸದಿದ್ದರೆ ಬಾಡಿಗೆ ಮುಗಿಯದಂತೆ ಮಾಡಿತು. ಈ ಕೊನೆಯ ಏರ್ಪಾಡು ಅಂಧರಿಗೆ ತುಂಬಾ ಮುಖ್ಯ. ಓಡುವ ಗಾಡಿಯಷ್ಟೇ ಅಪಾಯ, ಎಲ್ಲೆಂದರಲ್ಲಿ ಒರಗಿಸಿಟ್ಟ ಗಾಡಿ. ನಿನ್ನೆ ಇಲ್ಲದ್ದು ಇವತ್ತು ದಾರಿಯ ನಡುವೆ ಬಿದ್ದಿದ್ದರೆ ವರ್ಷಗಳಿಂದ ಕಾಲಿಗೆ ಗೊತ್ತಿದ್ದ ದಾರಿಯೂ ಅಪರಿಚಿತ.

ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಹೊರಗೆ ಇದನ್ನು ಯಾವ ದಿನ ಬೇಕಾದರೂ ನೋಡಬಹುದು. ನಿಲ್ದಾಣದ ಒಳಗೆ ಹಳದಿ ಉಬ್ಬು ಹಾಸುಗಲ್ಲುಗಳ ಸಾಲು ಲಿಫ್ಟಿನಿಂದ ಪ್ಲಾಟ್‌ಫಾರ್ಮ್‌ವರೆಗೆ ಕೈ ಹಿಡಿದು ಕರೆದೊಯ್ಯುತ್ತದೆ. ಉದ್ದ ಗೆರೆಯ ಕಲ್ಲು ಮುಂದೆ ನಡೆ ಎನ್ನುತ್ತದೆ, ಚುಕ್ಕೆಯ ಕಲ್ಲು ನಿಲ್ಲು, ಎಚ್ಚರ ಎನ್ನುತ್ತದೆ. ಜಪಾನಿನ ಸೆಯಿಚಿ ಮಿಯಾಕೆ ಎಂಬುವರು 1965ರಲ್ಲಿ ಕಂಡುಹಿಡಿದು, 1967ರ ಮಾರ್ಚಿನಲ್ಲಿ ಒಕಾಯಾಮಾದ ಅಂಧರ ಶಾಲೆಯ ಬಳಿ ಮೊದಲ ಬಾರಿಗೆ ಹಾಸಿದ ಕಲ್ಲು ಇದು. ದೃಷ್ಟಿ ಮಂದವಾದವರಿಗೂ ಕಾಣಲೆಂದು ಹಳದಿ ಬಣ್ಣ. ನಿಲ್ದಾಣದ ಮೆಟ್ಟಿಲಿಳಿದು ಫುಟ್‌ಪಾತ್‌ಗೆ ಬಂದರೆ ಅದೇ ಹಳದಿ ಸಾಲಿನ ಮೇಲೆ ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ, ಪೆಟ್ರೋಲಿನವು, ಬ್ಯಾಟರಿಯವು, ಬಾಡಿಗೆಯವು. ಸಾಲು ಅಗಲವಾಗಿದೆ, ಸಮವಾಗಿದೆ, ಗಾಡಿ ನಿಲ್ಲಿಸಲು ಅನುಕೂಲ. ಬಹುಪಾಲು ಸವಾರರಿಗೆ ಅದು ಚಂದಕ್ಕೆ ಹಾಕಿದ ಪಟ್ಟಿ. ಆ ಕಲ್ಲು ಏನು ಹೇಳುತ್ತದೆ ಎಂದು ಡ್ರೈವಿಂಗ್ ಸ್ಕೂಲಿನಲ್ಲಿ ಅವರಿಗೆ ಯಾರಾದರೂ ಹೇಳಿಕೊಟ್ಟಿರಬೇಕಿತ್ತು.

ಸವಾರರನ್ನು ಬೈದರೆ ಮುಗಿಯುವ ವಿಷಯವೂ ಇದಲ್ಲ. ಡೆಲಿವರಿ ಹುಡುಗ ಫುಟ್‌ಪಾತ್ ಹತ್ತುವ ಜಾಗಗಳನ್ನು ಗಮನಿಸಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಒನ್‌ವೇ ರಸ್ತೆಯಲ್ಲಿ ಅಂಗಡಿ ನೂರು ಮೀಟರ್ ಹಿಂದಿದೆ, ನಿಯಮದ ಪ್ರಕಾರ ಹೋದರೆ ಒಂದೂವರೆ ಕಿಲೋಮೀಟರ್ ಸುತ್ತು. ಸಿಗ್ನಲ್‌ನಲ್ಲಿ ಗಾಡಿಗಳು ಇಂಚೂ ಅಲುಗಾಡುತ್ತಿಲ್ಲ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ರಸ್ತೆಯಲ್ಲಿ ಜಾಗವಿಲ್ಲ, ಕಾರುಗಳು ಬೆಳಗಿನಿಂದ ಬೇರುಬಿಟ್ಟಿವೆ. ಮೊಬೈಲಿನ ಪರದೆ ಮೇಲೆ ನಿಮಿಷಗಳು ಇಳಿಯುತ್ತಿವೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಎಂದು ಮಾತು ಕೊಟ್ಟವರು ಬೇರೆ, ಆ ಮಾತನ್ನು ನಡೆಸಿಕೊಡಬೇಕಾದವನು ಬೇರೆ. ಕಡಿಮೆ ವೇಗದ ಗಾಡಿಗೆ ಮುಖ್ಯರಸ್ತೆಯಲ್ಲಿ ಬಸ್ಸು ಲಾರಿಗಳ ನಡುವೆ ಭಯವೂ ಇದೆ. ಅವನೂ ಜೀವ ಉಳಿಸಿಕೊಳ್ಳಲೆಂದೇ ಎಷ್ಟೋ ಸಲ ಮೇಲೆ ಹತ್ತುತ್ತಾನೆ. ಹೀಗೆ ರಸ್ತೆಯ ಒತ್ತಡವೆಲ್ಲ ಒಬ್ಬರಿಂದ ಇನ್ನೊಬ್ಬರ ಮೇಲೆ ಜಾರುತ್ತಾ, ಕೊನೆಗೆ ಬಿಳಿಕೋಲು ಹಿಡಿದವರ ಮೇಲೆ ಬಂದು ಕೂರುತ್ತದೆ. ಅವರಾಚೆಗೆ ದಾಟಿಸಲು ಗೋಡೆ ಬಿಟ್ಟರೆ ಯಾರೂ ಇಲ್ಲ.

ಹೀಗಾಗಿ ಮಾಡಬೇಕಾದ ಕೆಲಸಗಳು ಬಹುತೇಕ ಫುಟ್‌ಪಾತ್‌ನ ಹೊರಗಿವೆ. ಅಂಗಡಿ ಸಾಲುಗಳ ಮುಂದೆ ರಸ್ತೆಯ ಅಂಚಿನಲ್ಲಿ ಎರಡು ಕಾರಿನ ಜಾಗ ತೆಗೆದರೆ ಹತ್ತು ಸ್ಕೂಟರ್ ನಿಲ್ಲುತ್ತವೆ. ಡೆಲಿವರಿ ಮತ್ತು ಬಾಡಿಗೆ ಗಾಡಿಗಳಿಗೆ ವೇಗ ಎಷ್ಟೇ ಇರಲಿ, ಸುಲಭವಾಗಿ ಓದಬಲ್ಲ ಒಂದು ಸಂಖ್ಯೆ ಇರಬೇಕು. ಆರ್‌ಟಿಒ ಕೊಡಲಿ, ನಗರಪಾಲಿಕೆ ಕೊಡಲಿ. ಫುಟ್‌ಪಾತ್‌ನ ದೂರು ಬಂದರೆ ಸವಾರನ ಜೊತೆಗೆ ಅವನ ಕಂಪನಿಯೂ ದಂಡ ಕಟ್ಟುವಂತಾದರೆ ಆ್ಯಪ್ ತೋರಿಸುವ ದಾರಿಯೂ ಕೊಡುವ ಸಮಯವೂ ತಾನಾಗಿ ಬದಲಾಗುತ್ತದೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಕಾಯ್ದೆ ಮಾಡಿದೆ. ಕೆಲಸಗಾರನ ಹೊಣೆ ಕಂಪನಿಗೂ ಇದೆ ಎಂದು ಒಪ್ಪಿಕೊಂಡ ಮೇಲೆ ಅವನ ಗಾಡಿ ಎಲ್ಲಿ ಓಡುತ್ತದೆ ಎಂಬುದರ ಹೊಣೆಯೂ ಅದರ ಜೊತೆಗೇ ಬರಬೇಕು.

ಬ್ಯಾಟರಿ ಗಾಡಿಯ ಮೇಲೆ ಅಂಗವಿಕಲರಿಗೆ ಹಗೆಯೇನೂ ಇಲ್ಲ ಎಂಬುದನ್ನೂ ಹೇಳಲೇಬೇಕು. ಮದರಾಸು ಐಐಟಿಯಲ್ಲಿ ರೂಪುಗೊಂಡು 2021ರಲ್ಲಿ ಹೊರಬಂದ ನಿಯೋಬೋಲ್ಟ್ ಎಂಬ ಸಾಧನವನ್ನು ಗಾಲಿಕುರ್ಚಿಯ ಮುಂದೆ ಸಿಕ್ಕಿಸಿದರೆ ಅದು ಗಂಟೆಗೆ 25 ಕಿಲೋಮೀಟರ್ ವೇಗದ ರಸ್ತೆ ವಾಹನವಾಗುತ್ತದೆ. ಹಿಂದೆ ಎರಡು ಹೆಚ್ಚುವರಿ ಚಕ್ರ ಹಾಕಿಸಿಕೊಂಡ ಸ್ಕೂಟರ್ ಮೇಲೆ ದಿನಾ ಕೆಲಸಕ್ಕೆ ಹೋಗುವವರು ಕರ್ನಾಟಕದ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅದೇ ಬ್ಯಾಟರಿ, ಅದೇ ಮೋಟರು, ಒಬ್ಬರಿಗೆ ಕಾಲಾಗುವುದೂ ಉಂಟು.

2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರು ಎಂದು ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಎಷ್ಟು ಮಂದಿಗೆ ಕಣ್ಣು ಕಾಣುತ್ತಿರಲಿಲ್ಲ, ಎಷ್ಟು ಮಂದಿಗೆ ಕಿವಿ ಕೇಳುತ್ತಿರಲಿಲ್ಲ ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ಏಟು ಬೀಳದೆಯೇ ನಡೆಯುವುದನ್ನು ಬಿಟ್ಟವರ ಲೆಕ್ಕ ಯಾವ ಠಾಣೆಗೂ ಬರುವುದಿಲ್ಲ.

ಜಯನಗರದ ಆ ವ್ಯಕ್ತಿ ಕೋಲಿನ ಬಾಗಿದ ಕೀಲನ್ನು ಮರುದಿನವೇ ಸರಿ ಮಾಡಿಸಿಕೊಂಡರು. ಬಸ್ಸಿಗೆ ಅವರ ಬಳಿ ಪಾಸ್ ಇದೆ, ಬೆಳಿಗ್ಗೆ ಫುಟ್‌ಪಾತ್ ಖಾಲಿಯಿರುವ ಹೊತ್ತಿಗೆ ಈಗಲೂ ನಡೆದೇ ಬಸ್ ಸ್ಟಾಪಿಗೆ ಹೋಗುತ್ತಾರೆ. ಸಂಜೆ ಮಾತ್ರ ಬಸ್ ಇಳಿದವರು ಅಲ್ಲೇ ನಿಂತು ಆಟೊ ಕೂಗುತ್ತಾರೆ. ಇಷ್ಟು ಹತ್ತಿರಕ್ಕಾ ಎಂದು ಕೆಲವರು ಬರುವುದಿಲ್ಲ. ಎರಡು, ಮೂರು ಆಟೊ ಬಿಟ್ಟ ಮೇಲೆ ಒಬ್ಬರು ಒಪ್ಪುತ್ತಾರೆ. ಎಂಟುನೂರು ಮೀಟರ್ ದಾರಿ, ಮೀಟರಿನ ಕನಿಷ್ಠ ದರ 36 ರೂಪಾಯಿ.